ಮೊಟ್ಟೆ ಕಾಯದ ತಾಯಿಯೂ ಸಾಯುತ್ತದೆ: ಆಕ್ಟೋಪಸ್ ಪ್ರಶ್ನೆಗೆ ಕಪ್ಪೆ ಬೊಂಡಾಸ್‌ನ ಸಾಕ್ಷ್ಯ

ಹೆಣ್ಣು ಆಕ್ಟೋಪಸ್ ಮೊಟ್ಟೆಯಿಟ್ಟ ಮೇಲೆ ತಿನ್ನುವುದನ್ನು ಬಿಡುತ್ತದೆ. ಬಿಲದ ಬಾಯಿಗೆ ಕುಳಿತು ಮೊಟ್ಟೆಗಳ ಮೇಲೆ ನೀರು ಹಾಯಿಸುತ್ತ, ತೋಳುಗಳಿಂದ ಸವರಿ ಶುಚಿ ಮಾಡುತ್ತ ದಿನ ಕಳೆದು, ಮರಿಗಳು ಹೊರಬರುವ ಹೊತ್ತಿಗೆ ಸಾಯುತ್ತದೆ. ತಾಯಿ ಮಕ್ಕಳಿಗಾಗಿ ಉಪವಾಸ ಬಿದ್ದು ಪ್ರಾಣ ಬಿಟ್ಟಳು ಎಂಬ ವಿವರಣೆ ಜನಪ್ರಿಯ ಬರಹಗಳಲ್ಲಿ ಬೇರೂರಿದೆ. ಕೇಳಲು ಚೆನ್ನಾಗಿದೆ, ಆದರೆ ಮೊಟ್ಟೆ ಕಾಯುವುದನ್ನು ಸಾವಿನ ಕಾರಣವೆಂದು ಹಿಡಿಯುವುದು ಸರಿಯಲ್ಲ ಎಂಬುದು ಈ ಟಿಪ್ಪಣಿಯ ವಾದ. ಸಾಕ್ಷ್ಯಕ್ಕೆ ಬಹುದೂರ ಹೋಗಬೇಕಿಲ್ಲ, ಮಲ್ಪೆ ಬಂದರು ಸಾಕು.

ಮಲ್ಪೆಯಲ್ಲಿ ಕಪ್ಪೆ ಬೊಂಡಾಸ್ ಎಂದು ಕರೆಯುವ ಸೀಪಿಯಾ ಫರೋನಿಸ್ ಆಕ್ಟೋಪಸ್‌ನ ದೂರದ ಸಂಬಂಧಿ. ಹೆಚ್ಚಿನ ಪಾಲು ಶೀತಲೀಕರಿಸಿ ರಫ್ತಾಗುತ್ತದೆ. ಉಳಿದದ್ದು ಪಡುಬಿದ್ರಿ, ಬೆಳ್ಮಣ್ ದಾಟಿ ನಿಟ್ಟೆ, ಕಾರ್ಕಳದ ಕಡೆಗೂ ಬರುವುದುಂಟು. ಬಲಿತ ಹೆಣ್ಣನ್ನು ಹೊಟ್ಟೆಯ ಕಡೆಯಿಂದ ಕೊಯ್ದರೆ ಮೊದಲು ಕಾಣುವುದು ಅಕ್ಕಪಕ್ಕ ಮಲಗಿದ ಎರಡು ದಪ್ಪ ಬಿಳಿ ಗ್ರಂಥಿಗಳು. ಮೊಟ್ಟೆಯ ಹೊರಕವಚದ ಲೋಳೆ ತಯಾರಾಗುವುದು ಅಲ್ಲಿ. ಅವುಗಳ ಮುಂದೆ ಕಿತ್ತಳೆಗೆಂಪಿನ ಇನ್ನೊಂದು ಚಿಕ್ಕ ಗ್ರಂಥಿ, ಹಿಂದೆ ಮಸಿಚೀಲ ಮತ್ತು ಅಂಡಾಶಯ. ಅಂಡಾಶಯದಲ್ಲಿ ಮಾಗಿದ ಪಾರದರ್ಶಕ ಕಾಳುಗಳ ನಡುವೆ ಇನ್ನೂ ಎಳೆಯ, ಸಣ್ಣ ಮೊಟ್ಟೆಗಳೂ ಇರುತ್ತವೆ. ಅಂದರೆ ಈ ಪ್ರಾಣಿ ಒಂದೇ ದಿನದಲ್ಲಿ ಎಲ್ಲವನ್ನೂ ಇಟ್ಟು ಮುಗಿಸುವುದಿಲ್ಲ, ಕಂತುಕಂತಾಗಿ ಇಡುತ್ತದೆ. ಆದರೂ ಅದು ಬದುಕಿನ ಕೊನೆಯ ಋತು. ಒಂದೊಂದೇ ಮೊಟ್ಟೆಯನ್ನು ನೀರಡಿಯ ಕಡ್ಡಿಗೋ ಹಗ್ಗಕ್ಕೋ ಅಂಟಿಸಿ ತಾಯಿ ಹೊರಟುಬಿಡುತ್ತದೆ. ಬೆಚ್ಚನೆಯ ನೀರಿನಲ್ಲಿ ಸುಮಾರು ಎರಡು ವಾರಕ್ಕೆ ಮರಿ ಹೊರಬರುತ್ತದೆ. ಅಷ್ಟು ದಿನ ಕಾವಲಿಗೆ ಯಾರೂ ಇಲ್ಲ. ಆದರೂ ತಾಯಿ ಸಾಯುತ್ತದೆ. ಗಂಡೂ ಸಾಯುತ್ತದೆ. ಆಕ್ಟೋಪಸ್‌ಗಳಲ್ಲೂ ಮೊಟ್ಟೆಯ ಹತ್ತಿರ ಸುಳಿಯದ ಗಂಡು ಕೂಡುವಿಕೆಯ ಕಾಲ ಮುಗಿದ ಮೇಲೆ ಹೆಚ್ಚು ದಿನ ಉಳಿಯುವುದಿಲ್ಲ. ಕಾವಲು ಕಾಯುವ ಬಳಲಿಕೆಯೇ ಸಾವಿಗೆ ಮೂಲವಾಗಿದ್ದರೆ ಈ ಮೂವರೂ ಸಾಯಬೇಕಾಗಿರಲಿಲ್ಲ.

ಪ್ರಯೋಗಗಳ ಕಡೆಗೆ ಬರೋಣ. ಆಕ್ಟೋಪಸ್‌ನ ಎರಡು ಕಣ್ಣುಗಳ ನಡುವೆ, ಮಿದುಳಿಗೆ ತಾಗಿದಂತೆ, ಒಂದು ಜೊತೆ ಸಣ್ಣ ಗ್ರಂಥಿಗಳಿವೆ. ದೃಕ್‌ಗ್ರಂಥಿ ಎನ್ನೋಣ, ನೋಡುವ ಕೆಲಸ ಅದರದ್ದಲ್ಲದಿದ್ದರೂ. ಮಿದುಳಿನ ತಡೆ ತಪ್ಪಿಸಿದರೆ ಈ ಗ್ರಂಥಿ ಉಬ್ಬಿ ಅಂಡಾಶಯ ಅಕಾಲದಲ್ಲೇ ಬಲಿಯುತ್ತದೆ ಎಂದು ವೆಲ್ಸ್ ದಂಪತಿ 1959ರಲ್ಲೇ ತೋರಿಸಿದ್ದರು. 1977ರಲ್ಲಿ ಜೆರೋಮ್ ವೊಡಿನ್ಸ್ಕಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಮೊಟ್ಟೆಯಿಟ್ಟ ಆಕ್ಟೋಪಸ್ ಹಮ್ಮೆಲಿಂಕಿ ಹೆಣ್ಣುಗಳಿಂದ ಎರಡೂ ಗ್ರಂಥಿಗಳನ್ನು ತೆಗೆದಾಗ ಅವು ಮೊಟ್ಟೆ ಕಾಯುವುದನ್ನು ಬಿಟ್ಟವು, ಮತ್ತೆ ತಿನ್ನತೊಡಗಿದವು, ಬೆಳೆದವು, ಬಹುಕಾಲ ಬದುಕಿದವು. ಇಲ್ಲಿ ಗಮನಿಸಬೇಕಾದದ್ದು ಆಯುಸ್ಸು ಹೆಚ್ಚಿದ್ದಷ್ಟೇ ಅಲ್ಲ. ತಾಯ್ತನ, ಉಪವಾಸ, ಸಾವು ಮೂರೂ ಒಂದೇ ಗ್ರಂಥಿಯ ಜೊತೆ ಹೋದವು. ಒಂದು ಇನ್ನೊಂದಕ್ಕೆ ಕಾರಣವೆನ್ನುವುದಕ್ಕಿಂತ ಮೂರಕ್ಕೂ ಬೇರು ಒಂದೇ ಎನ್ನುವುದು ಸರಿ. ಜನಸಂಖ್ಯೆಯನ್ನು ಹತೋಟಿಯಲ್ಲಿಡಲು ಈ ಸಾವು ಇದ್ದೀತು ಎಂಬ ವೊಡಿನ್ಸ್ಕಿಯವರ ಊಹೆಯನ್ನು ಮಾತ್ರ ನಾನು ಒಪ್ಪಲಾರೆ. ಜಾತಿಯ ಹಿತಕ್ಕಾಗಿ ಒಂಟಿ ಪ್ರಾಣಿ ಸಾಯುವ ಗುಣ ಪೀಳಿಗೆಯಿಂದ ಪೀಳಿಗೆಗೆ ಉಳಿದುಬರುವುದು ಕಷ್ಟ.

ಗ್ರಂಥಿಯಿಂದ ಏನು ಸ್ರವಿಸುತ್ತದೆ ಎಂಬುದು ತಿಳಿಯಲು ಇನ್ನೂ ನಾಲ್ಕು ದಶಕ ಬೇಕಾಯಿತು. ಕ್ಯಾಲಿಫೋರ್ನಿಯಾ ತೀರದ ಎರಡು ಚುಕ್ಕೆಯ ಆಕ್ಟೋಪಸ್‌ನ ಮೇಲೆ ಯಾನ್ ವಾಂಗ್ ಮತ್ತು ಕ್ಲಿಫ್ಟನ್ ರಾಗ್ಸ್‌ಡೇಲ್ 2018ರಲ್ಲಿ ಜೀನ್‌ಗಳ ಚಟುವಟಿಕೆಯನ್ನು, 2022ರಲ್ಲಿ ಸಂಗಡಿಗರೊಂದಿಗೆ ಸ್ರಾವದ ರಾಸಾಯನಿಕಗಳನ್ನು ಪ್ರಕಟಿಸಿದರು. ಮೊಟ್ಟೆಯಿಟ್ಟ ತಾಯಿಯಲ್ಲಿ ಕೊಲೆಸ್ಟೆರಾಲ್‌ಗೆ ಸಂಬಂಧಿಸಿದ ಮೂರು ದಾರಿಗಳು ಚುರುಕಾಗುತ್ತವೆ. ಒಂದರಲ್ಲಿ ಪ್ರೆಗ್ನೆನೊಲೋನ್, ಪ್ರೊಜೆಸ್ಟೆರೋನ್, ಇನ್ನೊಂದರಲ್ಲಿ ಪಿತ್ತಾಮ್ಲಗಳ ಪೂರ್ವರೂಪ, ಮೂರನೆಯದರಲ್ಲಿ 7-ಡಿಹೈಡ್ರೊಕೊಲೆಸ್ಟೆರಾಲ್. ಕೊನೆಯದು ಮನುಷ್ಯರ ಮೈಯಲ್ಲಿ ಮಿತಿಮೀರಿದರೆ ಸ್ಮಿತ್-ಲೆಮ್ಲಿ-ಓಪಿಟ್ಜ್ ಎಂಬ ಹುಟ್ಟುಕಾಯಿಲೆ. ಅದರ ಲಕ್ಷಣಗಳಲ್ಲಿ ತಮ್ಮನ್ನೇ ಗಾಯ ಮಾಡಿಕೊಳ್ಳುವುದೂ ಒಂದು. ಅಂತ್ಯ ಹತ್ತಿರವಾದ ಹೆಣ್ಣು ಆಕ್ಟೋಪಸ್ ಸೆರೆಯಲ್ಲಿ ತನ್ನ ತೋಳಿನ ತುದಿಗಳನ್ನು ತಾನೇ ಕಚ್ಚಿ ತಿನ್ನುವುದನ್ನು ನೋಡಿದವರಿಗೆ ಈ ಹೋಲಿಕೆ ಕುತೂಹಲ ಹುಟ್ಟಿಸುತ್ತದೆ. ಆದರೆ ಹೋಲಿಕೆಯೇ ಪುರಾವೆಯಲ್ಲ.

ಉಪವಾಸವೊಂದರಿಂದಲೇ ಸಾವಿನ ಗಳಿಗೆ ನಿರ್ಧಾರವಾಗುವುದಿಲ್ಲ ಎಂಬುದಕ್ಕೆ ಕ್ಯಾಲಿಫೋರ್ನಿಯಾ ತೀರದಾಚೆ ಸಮುದ್ರದಡಿಯ ಮಾಂಟೆರೆ ಕಣಿವೆಯ ದಾಖಲೆಯಿದೆ. ಬ್ರೂಸ್ ರಾಬಿಸನ್ ತಂಡ ಸುಮಾರು 1,400 ಮೀಟರ್ ಆಳದಲ್ಲಿ ಗ್ರನೆಲೆಡೋನ್ ಎಂಬ ಆಳನೀರಿನ ಆಕ್ಟೋಪಸ್‌ನ ಒಂದೇ ಹೆಣ್ಣನ್ನು 2007ರಿಂದ 2011ರವರೆಗೆ ಮತ್ತೆ ಮತ್ತೆ ನೋಡಿತು. 53 ತಿಂಗಳು ಅದು ಮೊಟ್ಟೆ ಬಿಟ್ಟು ಕದಲಲಿಲ್ಲ. ಮುಂದೆ ಹಿಡಿದ ಏಡಿಯ ತುಂಡನ್ನೂ ಮುಟ್ಟಲಿಲ್ಲ. ಕೊರೆಯುವ ನೀರಿನಲ್ಲಿ ಮೈಯ ವ್ಯಯ ಕಡಿಮೆ, ನಿಜ. ಇನ್ನೊಂದು ಕೊನೆಯಲ್ಲಿ ಪೆಸಿಫಿಕ್‌ನ ಪಟ್ಟೆ ಆಕ್ಟೋಪಸ್ ಮೊಟ್ಟೆ ಕಾಯುತ್ತಲೇ ತಿನ್ನುತ್ತದೆ, ತಿಂಗಳುಗಟ್ಟಲೆ ಮತ್ತೆ ಮತ್ತೆ ಇಡುತ್ತದೆ. ಮೊಟ್ಟೆ ಕಾಯುವುದಕ್ಕೂ ಉಪವಾಸಕ್ಕೂ ಇರುವ ಗಂಟು ಬಿಚ್ಚಲಾಗದ್ದೇನಲ್ಲ.

ಒಮ್ಮೆ ಫಲ ಕೊಟ್ಟು ಸಾಯುವ ಇನ್ನೊಂದು ಜೀವಿ ಉಡುಪಿ ಜಿಲ್ಲೆಯಲ್ಲಿ ಅಲ್ಲಲ್ಲಿ ಉಳಿದಿರುವ ಶ್ರೀತಾಳೆ, ತುಳುವಿನ ಪಣೋಲಿ. ದಶಕಗಳ ಕಾಲ ಕಾಂಡದಲ್ಲಿ ಕೂಡಿಟ್ಟ ಹಿಟ್ಟನ್ನೆಲ್ಲ ಒಂದೇ ಹೂಗೊಂಚಲಿಗೆ ಸುರಿದು ಮರ ಒಣಗುತ್ತದೆ. ಹಿಟ್ಟು ಬೇಕಾದವರು ಹಿಂದೆ ಹೂಬಿಡುವ ಮೊದಲೇ ಕಡಿಯುತ್ತಿದ್ದುದು ಇದೇ ಲೆಕ್ಕದಿಂದ. ಅಲ್ಲಿ ಬೊಕ್ಕಸ ಬರಿದಾಗುವುದು ಕಣ್ಣಿಗೇ ಕಾಣುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಆಸೆ ಸಹಜವಾದರೂ, ಗ್ರಂಥಿ ತೆಗೆದ ಆಕ್ಟೋಪಸ್ ಮತ್ತೆ ಉಂಡು ಬೆಳೆದದ್ದನ್ನು ನೆನೆದರೆ ಅದು ಸರಿಹೊಂದದು.

ಇದು ಪ್ರಯೋಗಾಲಯದಲ್ಲೇ ಮುಗಿಯುವ ವಿಚಾರವೂ ಅಲ್ಲ. ಮಳೆಗಾಲ ಕಳೆದ ಮೇಲೆ ಕರ್ನಾಟಕದ ದಕ್ಷಿಣ ತೀರದಲ್ಲಿ ಕಾಯಿ ಕಿತ್ತ ತೆಂಗಿನ ಗೊನೆಗಳನ್ನು ಕಟ್ಟಿ ನೀರಡಿಗೆ ಇಳಿಸುವ ಪದ್ಧತಿ ಬಂದಿತು. ಮೊಟ್ಟೆ ಅಂಟಿಸಲು ಆಸರೆ ಹುಡುಕಿ ಬರುವ ಕಪ್ಪೆ ಬೊಂಡಾಸ್ ಅಲ್ಲೇ ಗಾಳಕ್ಕೆ ಸಿಗುತ್ತದೆ. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಹೀಗೆ ಸಿಕ್ಕವುಗಳಲ್ಲಿ ಬಲಿತು ಮೊಟ್ಟೆಗೆ ಸಿದ್ಧವಾದವೇ ಹೆಚ್ಚೆಂದು ಗುರುತಿಸಿ ಎಚ್ಚರಿಸಿದ್ದಾರೆ. ಬಂಗುಡೆಯಂಥ ಮೀನು ಈ ವರ್ಷ ಬಲೆ ತಪ್ಪಿಸಿಕೊಂಡರೆ ಮುಂದಿನ ವರ್ಷವೂ ಮೊಟ್ಟೆಯಿಡಬಲ್ಲದು. ಕಪ್ಪೆ ಬೊಂಡಾಸ್‌ಗೆ ಮುಂದಿನ ವರ್ಷವಿಲ್ಲ. ಇಡುವ ಮೊದಲು ಹಿಡಿದರೆ ಅದರ ಸಂತತಿಯ ಪೂರ್ತಿ ಪಾಲು ಹೋಯಿತು. ಇಟ್ಟ ಮೇಲೆ ಹಿಡಿದರೆ, ಹೇಗೂ ಸಾಯಲಿದ್ದ ಪ್ರಾಣಿ. ಮೀನುಗಾರಿಕೆಯ ದೃಷ್ಟಿಯಿಂದ ಈ ಎರಡರ ನಡುವಿನ ಕೆಲವೇ ವಾರಗಳೇ ಮುಖ್ಯ, ಜೊತೆಗೆ ಗೊನೆಗೆ ಅಂಟಿದ ಮೊಟ್ಟೆಗಳು ಒಡೆಯುವ ತನಕ ಅದನ್ನು ನೀರಿನಿಂದ ಎತ್ತದಿರುವುದು.