ಪೆಟ್‌ವರ್ತ್ ಭವನದ ಎಂಟನೆಯ ಹೆನ್ರಿ

ಇಂಗ್ಲೆಂಡಿನ ಅರಸು ಎಂಟನೆಯ ಹೆನ್ರಿಯ ಹೆಸರೆತ್ತಿದೊಡನೆ ಕಣ್ಣಿಗೆ ಕಟ್ಟುವ ರೂಪವೊಂದುಂಟು: ಕಾಲುಗಳನ್ನು ಅಗಲಿಸಿ ನಿಂತು, ಒಂದು ಕೈಯಲ್ಲಿ ಕೈಚೀಲಗಳನ್ನು ಹಿಡಿದು, ನೋಡುವವನನ್ನು ನೇರವಾಗಿ ದಿಟ್ಟಿಸುವ ಸ್ಥೂಲಕಾಯನಾದ ರಾಜ. ಹ್ಯಾನ್ಸ್ ಹಾಲ್ಬೈನನು 1537ರಲ್ಲಿ ವೈಟ್‌ಹಾಲ್ ಅರಮನೆಯ ಗೋಡೆಯ ಮೇಲೆ ಈ ರೂಪವನ್ನು ಬರೆದನು. ಅಲ್ಲಿ ಹೆನ್ರಿಯ ತಂದೆತಾಯಿಗಳೂ ಮೂರನೆಯ ರಾಣಿ ಜೇನ್ ಸೀಮೋರಳೂ ಜೊತೆಗಿದ್ದರು. 1698ರಲ್ಲಿ ಅರಮನೆಗೆ ಬೆಂಕಿ ಬಿದ್ದು ಆ ಚಿತ್ರ ಸುಟ್ಟುಹೋಯಿತು. ಹಾಗಾದರೆ ಇಂದು ಎಲ್ಲರೂ ಬಲ್ಲ ಈ ಹೆನ್ರಿ ಯಾರ ಕೈಯವನು?

ಸಸೆಕ್ಸ್ ಪ್ರಾಂತದ ಪೆಟ್‌ವರ್ತ್ ಭವನದಲ್ಲಿ, ಗ್ರಿನ್‌ಲಿಂಗ್ ಗಿಬ್ಬನ್ಸನ ಮರದ ಕೆತ್ತನೆಗಳಿಗೆ ಹೆಸರಾದ ಕೋಣೆಯಲ್ಲಿ, ಆಳೆತ್ತರದ ಹೆನ್ರಿಯ ಚಿತ್ರವೊಂದಿದೆ. ಅದು ಹಾಲ್ಬೈನನ ಚಿತ್ರಶಾಲೆಯದೆಂದು ಎಣಿಸಲ್ಪಟ್ಟಿರುವ ಪ್ರತಿ. ಇದೇ ಮಾದರಿಯ ಪ್ರತಿಗಳು ಚಾಟ್ಸ್‌ವರ್ತ್‌ನಲ್ಲಿಯೂ ಲಿವರ್‌ಪೂಲಿನಲ್ಲಿಯೂ ಉಂಟು. ಪ್ರತಿಯೆಂದೊಡನೆ ಕೀಳೆಂದೆಣಿಸುವುದು ಕಲಾಪ್ರೇಮಿಗಳ ವಾಡಿಕೆ. ಚರಿತ್ರಕಾರನಿಗೆ ಅದು ಸಲ್ಲದು.

ಹಾಲ್ಬೈನನ ಸ್ವಹಸ್ತದ ಸಿದ್ಧತಾಚಿತ್ರದ ಎಡಭಾಗ ಲಂಡನ್ನಿನಲ್ಲಿ ಉಳಿದಿದೆ. ತೂತುಗಳುಳ್ಳ ತಗಡಿನಿಂದ ರಂಗೋಲಿ ಹಾಕುವಂತೆಯೇ, ಕಾಗದದ ರೇಖೆಗಳಗುಂಟ ಚುಚ್ಚಿದ ರಂಧ್ರಗಳ ಮೂಲಕ ಪುಡಿಯನ್ನು ಹಾಯಿಸಿ ಆಕೃತಿಯನ್ನು ಗೋಡೆಗೆ ಇಳಿಸುವುದು ಅಂದಿನ ಕ್ರಮ. ತೊಡಕು ಇರುವುದು ಇಲ್ಲಿಯೇ. ಸಿದ್ಧತಾಚಿತ್ರದಲ್ಲಿ ಹೆನ್ರಿಯ ಮುಖ ತುಸು ಓರೆಯಾಗಿದೆ. ಪೆಟ್‌ವರ್ತಿನ ಪ್ರತಿಯಲ್ಲಿ ಅದು ನೇರವಾಗಿ ಎದುರು ನೋಡುತ್ತದೆ. ಗುರುವಿನ ಕೈಬರಹವನ್ನೇ ಪ್ರಮಾಣವೆಂದರೆ ಪ್ರತಿ ತಪ್ಪಾಗಬೇಕು.

ಪಂಪನ ಸ್ವಹಸ್ತದ ಓಲೆ ಉಳಿದಿಲ್ಲ. ಅವನ ಕಾವ್ಯ ನಮಗೆ ದೊರೆತುದು ಲಿಪಿಕಾರರ ಪ್ರತಿಗಳಿಂದ. ಗ್ರಂಥಸಂಪಾದಕನು ಅಲ್ಲಿ ಕೇಳುವ ಪ್ರಶ್ನೆಯನ್ನೇ ಇಲ್ಲಿಯೂ ಕೇಳಬೇಕು: ಪ್ರತಿಗಳು ಒಂದೇ ಶಾಖೆಯವೋ, ಬೇರೆ ಬೇರೆಯವೋ? ಪೆಟ್‌ವರ್ತ್, ಲಿವರ್‌ಪೂಲಿನ ಚಿತ್ರಗಳಷ್ಟೇ ಇದ್ದಿದ್ದರೆ, ಚಿತ್ರಶಾಲೆಯಲ್ಲಿ ತಿದ್ದಿದ ಒಂದೇ ಮಾದರಿಯಿಂದ ಇವು ಹುಟ್ಟಿರಬಹುದೆಂಬ ಶಂಕೆ ಉಳಿಯುತ್ತಿತ್ತು. ಆದರೆ ಬೆಂಕಿಗೆ 31 ವರ್ಷ ಮೊದಲು, 1667ರಲ್ಲಿ, ಎರಡನೆಯ ಚಾರ್ಲ್ಸನ ಅಪ್ಪಣೆಯಂತೆ ರೆಮಿಜಿಯಸ್ ವಾನ್ ಲೀಂಪುಟ್ ಗೋಡೆಯ ಚಿತ್ರವನ್ನೇ ಸಣ್ಣ ಅಳತೆಯಲ್ಲಿ ನಕಲು ಮಾಡಿದನು. ಅವನ ಹೆನ್ರಿಯೂ ನೇರವಾಗಿಯೇ ನೋಡುತ್ತಾನೆ. ಶಾಖೆಗಳೆರಡು, ಸಾಕ್ಷ್ಯವೊಂದು. ಓರೆಮುಖವನ್ನು ಹಾಲ್ಬೈನನೇ ಕೊನೆಗೆ ಕೈಬಿಟ್ಟನೆಂದೂ, ಪ್ರಜೆಯನ್ನು ತಡೆದು ನಿಲ್ಲಿಸುವ ಆ ದೃಷ್ಟಿ ಗೋಡೆಯ ಮೇಲೆ ನಿಶ್ಚಯವಾಯಿತೆಂದೂ ಇದರಿಂದ ಹೇಳಬಹುದು. ಗುರುವಿನ ಅಂತಿಮ ನಿರ್ಣಯ ಅವನ ಕರಡಿನಲ್ಲಿಲ್ಲ, ನಕಲುಗಾರರಲ್ಲಿದೆ.

ಈ ಪ್ರತಿಗಳನ್ನು ಶ್ರೀಮಂತರು ತಮ್ಮ ಮನೆಗಳಲ್ಲಿ ತೂಗುಹಾಕಿದುದು ಕೇವಲ ಅಲಂಕಾರಕ್ಕಲ್ಲ. ರಾಜನಿಷ್ಠೆಯನ್ನೂ ಸಂಬಂಧವನ್ನೂ ಸಾರುವ ಬಗೆ ಅದು. 1682ರಲ್ಲಿ ವಿವಾಹದಿಂದ ಪೆಟ್‌ವರ್ತನ್ನು ಪಡೆದು ಭವನವನ್ನು ಹೊಸದಾಗಿ ಕಟ್ಟಿಸಿದ ಸಾಮರ್ಸೆಟ್ಟಿನ ಆರನೆಯ ಡ್ಯೂಕನು ಸೀಮೋರ್ ವಂಶದವನು, ರಾಣಿ ಜೇನಳ ಅಣ್ಣ ಎಡ್ವರ್ಡನ ಸಂತತಿ. ಆ ಎಡ್ವರ್ಡನ ತಲೆ 1552ರಲ್ಲಿ ಉರುಳಿತ್ತು, ಅದೂ ಜೇನಳ ಮಗನ ಆಳ್ವಿಕೆಯಲ್ಲಿಯೇ. ಪೆಟ್‌ವರ್ತಿನ ಚಿತ್ರದಲ್ಲಿ ಹೆನ್ರಿ ಒಬ್ಬನೇ ನಿಂತಿದ್ದಾನೆ. ಆ ಮನೆತನವನ್ನು ಅರಸುಮನೆಗೆ ಬೆಸೆದ ಜೇನಳನ್ನು ಅವನೊಡನೆ ಕಾಣಬೇಕಾದರೆ ಲೀಂಪುಟನ ಸಣ್ಣ ಚಿತ್ರಕ್ಕೇ ಹೋಗಬೇಕು.