ಯತೀಮ್ ಮಕ್ಕಳು ಮಾಡಿದ ಕ್ಯಾಮೆರಾ

ಹಳೆಯ ಕ್ಯಾಮೆರಾಗಳನ್ನು ಬಿಚ್ಚಿ ಜೋಡಿಸುವವರ ಮೇಜಿನ ಮೇಲೆ ಆಗಾಗ ಒಂದು ಪುಟ್ಟ ಲೋಹದ ಪೆಟ್ಟಿಗೆ ಕಾಣಸಿಗುತ್ತದೆ. ನೋಡಲು ಥೇಟ್ ಜರ್ಮನಿಯ ಲೈಕಾ. ಆದರೆ ನೆತ್ತಿಯ ಮೇಲೆ ರಷ್ಯನ್ ಲಿಪಿಯ ಮೂರಕ್ಷರ: ಫೆಡ್. ಫೆಲಿಕ್ಸ್ ಎಡ್ಮುಂಡೊವಿಚ್ ಜೆರ್ಜಿನ್‌ಸ್ಕಿ ಎಂಬ ಹೆಸರಿನ ಮೊದಲಕ್ಷರಗಳಿವು. ಈತ ಎಂಜಿನಿಯರನೂ ಅಲ್ಲ, ಛಾಯಾಗ್ರಾಹಕನೂ ಅಲ್ಲ. 1917ರ ಡಿಸೆಂಬರಿನಲ್ಲಿ ಹುಟ್ಟಿದ ಚೆಕಾ ಎಂಬ ಸೋವಿಯತ್ ರಹಸ್ಯ ಪೊಲೀಸ್ ಪಡೆಯ ಮೊದಲ ಮುಖ್ಯಸ್ಥ. ಎಷ್ಟೋ ಮನೆಗಳ ದೀಪ ಆರಿಸಿದ ಪಡೆಯ ಯಜಮಾನನ ಹೆಸರು ಒಂದು ಕ್ಯಾಮೆರಾದ ಮೇಲೆ ಬಂದು ಕೂತದ್ದು ಹೇಗೆ?

ಮೊದಲ ಮಹಾಯುದ್ಧ, ಅದರ ಬೆನ್ನಿಗೆ ಅಂತರ್ಯುದ್ಧ, ಅದರ ಮೇಲೆ 1921-22ರ ಕ್ಷಾಮ. ರಷ್ಯ, ಉಕ್ರೇನ್‌ಗಳಲ್ಲಿ ತಂದೆತಾಯಿ ಇಲ್ಲದ ಮಕ್ಕಳು ದಶಲಕ್ಷಗಳ ಲೆಕ್ಕದಲ್ಲಿ ಬೀದಿಗೆ ಬಿದ್ದರು. ರೈಲು ಬೋಗಿಗಳ ಅಡಿಯಲ್ಲಿ ಪ್ರಯಾಣ, ಡಾಂಬರು ಕಾಯಿಸುವ ಕಡಾಯಿಗಳ ಬಿಸಿಯಲ್ಲಿ ನಿದ್ದೆ, ಹೊಟ್ಟೆಗಾಗಿ ಕಳವು. ಈ ಮಕ್ಕಳ ಬದುಕು ಸುಧಾರಿಸಲೆಂದು 1921ರಲ್ಲಿ ನೇಮಿಸಿದ ಆಯೋಗಕ್ಕೂ ಜೆರ್ಜಿನ್‌ಸ್ಕಿಯೇ ಮುಖ್ಯಸ್ಥ. 1926ರಲ್ಲಿ ಆತ ತೀರಿಕೊಂಡ ಮೇಲೆ ಉಕ್ರೇನಿನ ರಹಸ್ಯ ಪೊಲೀಸರು ತಮ್ಮ ಸಂಬಳದಿಂದ ವಂತಿಗೆ ಕೂಡಿಸಿ, ಆತನ ನೆನಪಿಗೆ ಖಾರ್ಕಿವ್ ನಗರದಂಚಿನಲ್ಲಿ ಮಕ್ಕಳ ಕಮ್ಯೂನ್ ಒಂದನ್ನು ಕಟ್ಟಿಸಿದರು. 1927ರ ಕೊನೆಯಲ್ಲಿ ಅದು ತೆರೆಯಿತು. ನಡೆಸಲು ಬಂದವರು ಆಂಟನ್ ಮಕರೆಂಕೊ. ಸೋವಿಯತ್ ಪುಸ್ತಕಗಳು ಅಗ್ಗಕ್ಕೆ ಸಿಗುತ್ತಿದ್ದ ಕಾಲದ ನಮ್ಮ ಕಡೆಯ ಓದುಗರಿಗೂ ಈ ಶಿಕ್ಷಕನ ಹೆಸರು ಅಪರಿಚಿತವಲ್ಲ.

ಯತೀಮ್‌ಖಾನಾ ಎಂದೊಡನೆ ನಮಗೆ ನೆನಪಾಗುವುದು ಚಂದಾ ಪೆಟ್ಟಿಗೆ, ರಸೀದಿ ಪುಸ್ತಕ, ಸಾಲಾಗಿ ಕೂತು ಉಣ್ಣುವ ಮಕ್ಕಳು. ಮಕರೆಂಕೊ ಅವರಿಗೆ ಈ ಚಿತ್ರ ಒಗ್ಗುತ್ತಿರಲಿಲ್ಲ. ಕನಿಕರದ ಅನ್ನ ಮಗುವನ್ನು ಬಗ್ಗಿಸುತ್ತದೆ, ದುಡಿದ ಅನ್ನ ನೆಟ್ಟಗೆ ನಿಲ್ಲಿಸುತ್ತದೆ ಎಂಬುದು ಅವರ ನಂಬಿಕೆಯಾಗಿತ್ತು. ಅಲ್ಲಿನ ಮಕ್ಕಳಿಗೆ ದಿನಕ್ಕೆ ನಾಲ್ಕು ತಾಸು ಕಾರ್ಖಾನೆ, ಉಳಿದಂತೆ ಶಾಲೆ; ಕೆಲಸಕ್ಕೆ ಕೂಲಿ. ಮೊದಲು ಮರಗೆಲಸ, ಹೊಲಿಗೆ. 1932ರಲ್ಲಿ ವಿದ್ಯುತ್ ಡ್ರಿಲ್. ಆಮೇಲೆ ಕೈ ಹಾಕಿದ್ದು ಲೈಕಾಕ್ಕೆ.

ಕೈ ಹಾಕಿದ್ದು ಸಣ್ಣ ಕೆಲಸಕ್ಕಲ್ಲ. ವೆಟ್ಸ್‌ಲಾರಿನ ಲೈಟ್ಸ್ ಕಂಪನಿಯ ಆಸ್ಕರ್ ಬಾರ್ನಾಕ್ ಸಿನಿಮಾ ಫಿಲ್ಮು ಬಳಸುವ ಜೇಬು ಕ್ಯಾಮೆರಾ ಕಲ್ಪಿಸಿ, ಅದು 1925ರಲ್ಲಿ ಮಾರುಕಟ್ಟೆಗೆ ಬಂದಿತ್ತು. 1932ರ ಮಾದರಿಗೆ ಲೆನ್ಸಿನೊಡನೆ ಬೆಸೆದ ರೇಂಜ್‌ಫೈಂಡರ್ ಸೇರಿತು. ಅದರ ತತ್ವ ನಮ್ಮ ಎರಡು ಕಣ್ಣುಗಳದ್ದೇ. ಕ್ಯಾಮೆರಾದ ಹಣೆಯಲ್ಲಿ ಅಂತರ ಬಿಟ್ಟು ಎರಡು ಕಿಟಕಿ. ಎರಡರಿಂದಲೂ ಬಂದ ಬಿಂಬಗಳು ಒಂದು ಅರೆಪಾರದರ್ಶಕ ಕನ್ನಡಿಯಲ್ಲಿ ಸೇರುತ್ತವೆ. ಲೆನ್ಸ್ ತಿರುಗಿಸಿದಂತೆ ಒಳಗೊಂದು ಸಣ್ಣ ತೋಳು ಸರಿದು ಎರಡನೆಯ ಬಿಂಬವನ್ನು ಸರಿಸುತ್ತದೆ. ಒಂದು ಮುಖ ಎರಡಾಗಿ ಕಂಡರೆ ಫೋಕಸ್ ಇಲ್ಲ. ಎರಡು ಕೂಡಿ ಒಂದಾದರೆ ಗುಂಡಿ ಒತ್ತಬಹುದು. ಬ್ಯಾಟರಿ ಬೇಡ. ಕೂದಲೆಳೆಯಷ್ಟು ತಪ್ಪಿದರೂ ಚಿತ್ರ ಮಂಜು.

ಇಂಥ ಯಂತ್ರದ ಒಂದೊಂದು ಭಾಗವನ್ನೂ ಬಿಚ್ಚಿ, ಅಳೆದು, ನಿನ್ನೆ ಮೊನ್ನೆಯವರೆಗೆ ಜೇಬುಗಳ್ಳರಾಗಿದ್ದ ಹುಡುಗರು ಎಂಜಿನಿಯರುಗಳ ಜೊತೆ ನಿಂತು ನಕಲು ಮಾಡಿದರು. 1934ರಲ್ಲಿ ತಯಾರಿಕೆ ಕುದುರಿತು. 1941ರ ಯುದ್ಧದೊಳಗೆ ಸುಮಾರು 1,75,000 ಫೆಡ್‌ಗಳು ಹೊರಬಂದವು. ಕೊರತೆಗಳಿದ್ದವು. ಆರಂಭದ ಫೆಡ್‌ಗಳಲ್ಲಿ ಲೆನ್ಸಿಗೂ ಫಿಲ್ಮಿಗೂ ಇರಬೇಕಾದ ಅಂತರ ಏಕರೂಪವಾಗಿರಲಿಲ್ಲ. ಒಂದೊಂದು ಲೆನ್ಸನ್ನು ಒಂದೊಂದು ಪೆಟ್ಟಿಗೆಗೇ ಹೊಂದಿಸಿ ಕಳಿಸುತ್ತಿದ್ದರು. ಜೋಡಿ ಅಗಲಿಸಿದರೆ ಎರಡೂ ಕೆಡುತ್ತವೆ.

ಕದ್ದ ವಿನ್ಯಾಸ ಎಂದು ಮೂಗು ಮುರಿಯುವವರಿದ್ದಾರೆ. ನಮಗೆ ಅದಕ್ಕಿಂತ ಭಾರವಾಗಿ ಕಾಣುವುದು ಬೇರೊಂದು ಸಂಗತಿ. 1932-33ರಲ್ಲಿ ಸ್ಟಾಲಿನನ ಸರ್ಕಾರ ಹಳ್ಳಿಗಳ ಧಾನ್ಯವನ್ನು ಬಲವಂತದಿಂದ ಎತ್ತಿಕೊಂಡು ಹೋಗಿ, ಉಕ್ರೇನಿನಲ್ಲಿ ಲಕ್ಷೋಪಲಕ್ಷ ಜನ ಹಸಿವಿನಿಂದ ಸತ್ತರು. ರೈತರು ಖಾರ್ಕಿವ್‌ವರೆಗೆ ತೆವಳಿ ಬಂದು ಅಲ್ಲಿನ ಕಾಲುದಾರಿಗಳ ಮೇಲೆ ಬಿದ್ದರು. ಅದೇ ನಗರದಲ್ಲಿ ಕೆಲಸಕ್ಕಿದ್ದ ಅಲೆಕ್ಸಾಂಡರ್ ವೀನರ್‌ಬರ್ಗರ್ ಎಂಬ ಆಸ್ಟ್ರಿಯದ ಎಂಜಿನಿಯರ್ ಕದ್ದುಮುಚ್ಚಿ ಅವರ ಚಿತ್ರ ತೆಗೆದ. ಕೈಯಲ್ಲಿದ್ದದ್ದು ಲೈಕಾ. ನೆಗೆಟಿವ್‌ಗಳು ರಾಜತಾಂತ್ರಿಕ ಅಂಚೆಯಲ್ಲಿ ದೇಶ ದಾಟಿದವು. ಊರಿನ ಒಂದು ಕಡೆ ಲೈಕಾ ಹೆಣಗಳನ್ನು ನೋಡುತ್ತಿದ್ದರೆ, ಇನ್ನೊಂದು ಕಡೆ ಹಿಂದಿನ ಕ್ಷಾಮದ ಯತೀಮರು ಅದೇ ಲೈಕಾವನ್ನು ಮಾಡಲು ಕಲಿಯುತ್ತಿದ್ದರು. ಆ ಮಕ್ಕಳಿಗೆ ಊಟ ಹಾಕುತ್ತಿದ್ದ ಇಲಾಖೆಯೇ ಹಳ್ಳಿಗಳಿಂದ ಹೊರಬೀಳುವ ದಾರಿಗಳನ್ನು ಕಾಯುತ್ತಿತ್ತು. ಮಕರೆಂಕೊ ಒಳ್ಳೆಯವರೋ ಕೆಟ್ಟವರೋ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡಲು ನಮ್ಮಿಂದಾಗದು. ಆದರೆ ಬೀದಿಯ ಮಗುವಿನ ಕೈಗೆ ಇಷ್ಟು ನಾಜೂಕಿನ ಕೆಲಸವನ್ನು ನಂಬಿ ಕೊಟ್ಟವರು ಲೋಕದಲ್ಲಿ ಹೆಚ್ಚು ಮಂದಿ ಇಲ್ಲ.

1935ರಲ್ಲಿ ಮಕರೆಂಕೊ ಕಮ್ಯೂನ್ ಬಿಟ್ಟು ಕೀವ್‌ಗೆ ಹೋದರು, 1939ರಲ್ಲಿ ತೀರಿಕೊಂಡರು. ಕಮ್ಯೂನಿನ ಪೋಷಕನಾಗಿದ್ದ ಉಕ್ರೇನಿನ ಪೊಲೀಸ್ ಮುಖ್ಯಸ್ಥ ಬಲಿಟ್‌ಸ್ಕಿಯನ್ನು 1937ರಲ್ಲಿ ಅವನದೇ ಇಲಾಖೆ ಗುಂಡಿಕ್ಕಿ ಕೊಂದಿತು. ಜರ್ಮನ್ ಸೇನೆ ಬಂದಾಗ ಕಾರ್ಖಾನೆಯ ಯಂತ್ರಗಳು ಸೈಬೀರಿಯದ ಬೆರ್ಡ್‌ಸ್ಕ್ ಸೇರಿದವು. ಯುದ್ಧಾನಂತರ ಮಾಸ್ಕೋ ಬಳಿಯ ಕ್ರಾಸ್ನೊಗೊರ್ಸ್ಕ್‌ನಲ್ಲಿ ಇದೇ ವಿನ್ಯಾಸ ‘ಜೋರ್ಕಿ’ ಎಂಬ ಹೆಸರಿನಲ್ಲಿ ಮುಂದುವರಿಯಿತು. ಖಾರ್ಕಿವ್ ಮತ್ತೆ ಎದ್ದು 1955ರಲ್ಲಿ ಫೆಡ್-2 ಕೊಟ್ಟಿತು. ಅದರ ಎರಡು ಕಿಟಕಿಗಳ ನಡುವೆ 67 ಮಿಲಿಮೀಟರ್ ಅಂತರ. ಮೊದಲ ಫೆಡ್‌ನಲ್ಲಿ 38 ಇತ್ತು. ಅಂತರ ಹೆಚ್ಚಿದಷ್ಟೂ ಫೋಕಸ್ ಖಚಿತ.

ಈಗಲೂ ಇವನ್ನು ಬಳಸುವವರಿದ್ದಾರೆ. ಹಳೆಯ ಮಾದರಿಗೆ ಬೆನ್ನ ಬಾಗಿಲಿಲ್ಲ, ಫಿಲ್ಮನ್ನು ತಳದಿಂದ ತೂರಿಸಬೇಕು. ಅದಕ್ಕೆ ಮೊದಲು ಕತ್ತರಿ ಹಿಡಿದು ಫಿಲ್ಮಿನ ನಾಲಿಗೆಯನ್ನು ಸುಮಾರು 10 ಸೆಂಟಿಮೀಟರ್ ಉದ್ದಕ್ಕೆ ಸಪೂರವಾಗಿ ಕತ್ತರಿಸಬೇಕು. ಫಿಲ್ಮ್ ಮುಂದೆ ತಿರುಗಿಸಿದ ಮೇಲೆಯೇ ಶಟರ್ ವೇಗ ಬದಲಿಸಬೇಕು, ಮೊದಲೇ ಬದಲಿಸಿದರೆ ಒಳಗಿನ ಹಲ್ಲುಗಳಿಗೆ ಅಪಾಯ. ಮುಚ್ಚಳ ತೆಗೆದು ಬಿಸಿಲಿಗೆ ಮುಖ ಮಾಡಿ ಇಟ್ಟರೆ ಲೆನ್ಸೇ ಭೂತಗನ್ನಡಿಯಾಗಿ ರಬ್ಬರ್ ಲೇಪಿತ ಶಟರ್ ಬಟ್ಟೆಗೆ ತೂತು ಸುಡುತ್ತದೆ. ರಿಪೇರಿಗೆ ಬರುವವುಗಳಲ್ಲಿ ಬಹುಪಾಲು ಈ ತೂತಿನವು, ಇಲ್ಲವೇ ಗ್ರೀಸು ಗೋಂದಿನಂತೆ ಗಟ್ಟಿಯಾಗಿ ಹೋದವು. ಉಸ್ತಾದರು ಹಳೆ ಜಿಡ್ಡು ತೊಳೆದು, ಹೊಸ ಬಟ್ಟೆ ಅಂಟಿಸಿ, ಸ್ಪ್ರಿಂಗ್ ಬಿಗಿ ಮಾಡುತ್ತಾರೆ. ಕೊನೆಗೆ ದೂರದ ಗೋಪುರವನ್ನೋ ಮಿನಾರನ್ನೋ ನೋಡುತ್ತ, ಎರಡು ಬಿಂಬ ಒಂದಾಗುವವರೆಗೆ ಸಣ್ಣ ತಿರುಪನ್ನು ತಿರುಗಿಸುತ್ತಾರೆ.

ಮಾರುಕಟ್ಟೆಯಲ್ಲಿ ಎಚ್ಚರ ಬೇಕು. ಫೆಡ್, ಜೋರ್ಕಿಗಳ ನೆತ್ತಿ ಉಜ್ಜಿ, ಚಿನ್ನದ ಬಣ್ಣ ಬಳಿದು, ಲೈಕಾ ಎಂದು ಬರೆದು, ನಾಜಿ ಹದ್ದನ್ನೂ ಸ್ವಸ್ತಿಕವನ್ನೂ ಕೆತ್ತಿ ಮಾರುವ ದಂಧೆಯೊಂದಿದೆ. ಕಂಡುಹಿಡಿಯುವುದು ಸುಲಭ. ಲೆನ್ಸ್ ಕಳಚಿ ಒಳಗೆ ನೋಡಿ. ರೇಂಜ್‌ಫೈಂಡರ್ ತೋಳಿನ ತುದಿಯಲ್ಲಿ ಲೈಕಾದಲ್ಲಾದರೆ ಉರುಳುವ ಪುಟ್ಟ ಚಕ್ರವಿರುತ್ತದೆ. ಖಾರ್ಕಿವ್ ಹುಡುಗರು ಅಲ್ಲಿ ಅರೆದು ನುಣುಪಾಗಿಸಿದ ಒಂದು ಲೋಹದ ತುಂಡು ಇಟ್ಟಿದ್ದರು.