ಕಂಬಳದ ಕೋಣ

ಬ್ರಹ್ಮಾವರದಿಂದ ಬಡಗಣಕ್ಕೆ, ಕುಂದಾಪುರವನ್ನು ದಾಟಿ ಬೈಂದೂರಿನವರೆಗೆ ಹಬ್ಬಿರುವ ಗದ್ದೆಬಯಲುಗಳಲ್ಲಿ ಅಲ್ಲಲ್ಲಿ ಸುತ್ತಣ ಗದ್ದೆಗಳ ಅಳತೆಗೆ ಹೊಂದದ ಒಂದು ಉದ್ದನೆಯ ಗದ್ದೆ ಕಾಣಸಿಗುತ್ತದೆ. ಅದು ಕಂಬಳಗದ್ದೆ. ವಂಡಾರು, ತಗ್ಗರ್ಸೆ, ಮೊಳಹಳ್ಳಿ, ಯಡ್ತಾಡಿ ಮೊದಲಾದ ಊರುಗಳ ಹೆಸರನ್ನು ದೂರದವರು ಕೇಳಿರುವುದು ಬಹುಮಟ್ಟಿಗೆ ಈ ಗದ್ದೆಗಳಿಂದಲೇ. ವರ್ಷಕ್ಕೊಮ್ಮೆ ಅಲ್ಲಿ ಕೋಣಗಳು ಓಡುತ್ತವೆ, ಊರು ನೆರೆಯುತ್ತದೆ. ಓಟದ ವರ್ಣನೆಯನ್ನು ಹಲವರು ಮಾಡಿದ್ದಾರೆ. ಆ ಕೋಣವನ್ನು ಸಾಕಿದವರು ಯಾರು, ಅದರ ಕೀರ್ತಿ ಯಾರ ಲೆಕ್ಕಕ್ಕೆ ಸಂದಿತು ಎಂಬುದು ಇತಿಹಾಸದ ಪ್ರಶ್ನೆ. ಇಂದು ವಿಚಾರಿಸಬೇಕಾದದ್ದು ಅದನ್ನೇ.

ಮೊದಲಿಗೆ, ಕೋಣವೇ ಏಕೆ? ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ನೆಲವಿದು. ಇಲ್ಲಿನವರು ಭೂಮಿಯನ್ನು ಬೈಲು, ಮಜಲು, ಬೆಟ್ಟು ಎಂದು ಮೂರಾಗಿ ಎಣಿಸಿದರು. ಬೆಟ್ಟುಗದ್ದೆ ಮಳೆಯನ್ನೇ ನಂಬಿ ಒಂದು ಬೆಳೆ ಕೊಟ್ಟರೆ, ಮಜಲು ಎರಡು ಕೊಟ್ಟೀತು. ತಗ್ಗಿನ ಬೈಲುಗದ್ದೆಯಲ್ಲಿ ಮೂರಕ್ಕೂ ಅವಕಾಶವುಂಟು. ಮೊಣಕಾಲುದ್ದ ಕೆಸರಿರುವ ಬೈಲಿನಲ್ಲಿ ಎತ್ತು ಬೇಗ ಬಳಲುತ್ತದೆ. ಕೋಣದ ಅಗಲವಾದ ಗೊರಸು ಕೆಸರಿನಲ್ಲಿ ಹರಡಿ ನಿಲ್ಲುತ್ತದೆ. ಅದರ ಕಪ್ಪು ಚರ್ಮದಲ್ಲಿ ಬೆವರುಗ್ರಂಥಿಗಳು ಕಡಿಮೆ; ನೀರು, ಕೆಸರುಗಳೇ ಅದಕ್ಕೆ ತಂಪು. ಹೀಗೆ ಮಣ್ಣಿನ ಗುಣ ಪಶುವನ್ನು ಆರಿಸಿತು. ಕಾರ್ತಿಯ ಕೊಯ್ಲು ಮುಗಿದು ಸುಗ್ಗಿಯ ಬೆಳೆಗೆ ಗದ್ದೆ ಹದವಾಗುವ ಕಾಲದಲ್ಲಿ ಊರಿನ ಕೋಣಗಳೆಲ್ಲ ಒಂದೇ ಗದ್ದೆಗೆ ಇಳಿಯುವುದು, ಉಳುಮೆಯೇ ಉತ್ಸವವಾಗುವುದು, ಸಹಜವೇ ಆಗಿತ್ತು. ‘ಕಂಪ’ ಎಂದರೆ ಕೆಸರು, ಕೆಸರಿನ ಕಳವೇ ಕಂಬಳ ಎಂದು ಹೇಳುವವರೂ ಉಂಟು.

ಇಂಗ್ಲೆಂಡಿನ ಸಣ್ಣ ರೈತನು ತಾನು ಸಾಕಿದ ಹಂದಿಯನ್ನು ಮೈ ತೊಳೆದು ಜಿಲ್ಲೆಯ ಕೃಷಿಮೇಳಕ್ಕೆ ಒಯ್ಯುತ್ತಾನೆ. ಅಲ್ಲಿನ ಹಂದಿತಳಿಗಳ ವಂಶಾವಳಿಯನ್ನು ದಾಖಲಿಸಲು 1884ರಲ್ಲಿ ಒಂದು ಸಂಘವೇ ಹುಟ್ಟಿತು. ಬೆನ್ನು, ಕಿವಿ, ಬಣ್ಣ ನೋಡಿ ತೀರ್ಪುಗಾರನು ಬಹುಮಾನ ಕೊಡುತ್ತಾನೆ. ನಮ್ಮ ಕರಾವಳಿಯ ಕೋಣಕ್ಕೆ ಅಂತಹ ಪುಸ್ತಕವಿರಲಿಲ್ಲ. ಆದರೆ ಪಶುವನ್ನು ನಾಲ್ಕು ಜನರ ಮುಂದೆ ನಿಲ್ಲಿಸಿ ಮೆಚ್ಚಿಗೆ ಪಡೆಯುವ ಆಸೆ ಇಲ್ಲಿಯೂ ಅದೇ. ಕೋಣದ ಎತ್ತರ, ಎದೆಯ ಅಗಲ, ಕೊಂಬಿನ ಬಾಗು, ಜೋಡಿಯ ಹೊಂದಿಕೆ ಎಲ್ಲವೂ ಮಾತಿಗೆ ಬರುತ್ತಿದ್ದವು. ಕೊನೆಯ ತೀರ್ಪು ಮಾತ್ರ ಕೆಸರಿನದು. ಬಹುಮಾನವೋ, ಹಿಂದೆ ಒಂದು ಬಾಳೆಗೊನೆ, ನಾಲ್ಕು ತೆಂಗಿನಕಾಯಿ.

ಅಷ್ಟಕ್ಕೆ ಪಡುತ್ತಿದ್ದ ಪಾಡು ಸಣ್ಣದಲ್ಲ. ಹುರುಳಿಯನ್ನು ಬೇಯಿಸಿ ಉಣಿಸಬೇಕು, ಮೈಗೆ ಎಣ್ಣೆ ತಿಕ್ಕಬೇಕು, ಕೆರೆಯಲ್ಲಿ ಈಜಿಸಬೇಕು. ಎಡಕ್ಕೆ ಕಟ್ಟುವ ಕೋಣ ಬೇರೆ, ಬಲದ್ದು ಬೇರೆ. ಇವುಗಳ ನಡೆ ಒಂದಾಗದೆ ಜೋಡಿಯಾಗದು. ಓಟದಲ್ಲಿಯೂ ಬಗೆಗಳುಂಟು. ನೇಗಿಲು ಕಟ್ಟಿ ಓಡಿಸುವುದೊಂದು, ಬರಿಯ ಹಗ್ಗ ಹಿಡಿದು ಓಡಿಸುವುದೊಂದು, ಅಡ್ಡಹಲಗೆಯದೊಂದು. ಕನೆಹಲಗೆಯಲ್ಲಿ ತೂತಿರುವ ಹಲಗೆಯ ಮೇಲೆ ಒಂಟಿಕಾಲಿಟ್ಟು ನಿಂತವನು ಕೋಣಗಳ ವೇಗದಿಂದ ನೀರನ್ನು ಮೇಲಕ್ಕೆ ಚಿಮ್ಮಿಸಬೇಕು. ಎತ್ತರದಲ್ಲಿ ಅಡ್ಡಕಟ್ಟಿದ ಬಟ್ಟೆಗೆ ನೀರು ತಗುಲಿದರೆ ಗೆಲುವು.

ಈ ಸಾಕಣೆಯನ್ನು ಮಾಡುತ್ತಿದ್ದ ಕೈ ಯಾರದು? ಕಂಬಳಗದ್ದೆ ದೊಡ್ಡಮನೆಯದು. ‘ಇಂಥ ಮನೆಯ ಕೋಣ’ ಎಂಬುದೇ ಕೋಣದ ಹೆಸರು. ಆ ಮನೆಯ ಗದ್ದೆಗಳನ್ನು ಗೇಣಿಗೆ ಹಿಡಿದ ಒಕ್ಕಲು ತನ್ನ ಕೋಣವನ್ನು ಆ ದಿನ ಧಣಿಯ ಗದ್ದೆಗೆ ತರಲೇಬೇಕು. ಅದು ಗೌರವವೂ ಹೌದು, ಕಟ್ಟುಪಾಡೂ ಹೌದು. ಒಕ್ಕಲಿಗಿಂತ ಕೆಳಗೆ ಮೂಲದಾಳು ಇದ್ದನು, ನೆಲಕ್ಕೆ ಅಂಟಿಕೊಂಡೇ ಹುಟ್ಟಿ ಸಾಯುವ ಜೀತದವನು. 1843ರ ಕಾನೂನು ಗುಲಾಮಗಿರಿಗೆ ನ್ಯಾಯಾಲಯದ ಮನ್ನಣೆಯನ್ನು ತೆಗೆದುಹಾಕಿದರೂ ಹಟ್ಟಿಯ ಬಾಳು ಒಂದೇ ದಿನದಲ್ಲಿ ಬದಲಾಗಲಿಲ್ಲ. ಈ ಸೀಮೆಯ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 1933ರಲ್ಲಿ ‘ಚೋಮನ ದುಡಿ’ಯನ್ನು ಬರೆದಾಗ, ಜೋಡಿ ಎತ್ತುಗಳಿದ್ದೂ ಉಳುವ ನೆಲದ ಹಕ್ಕಿಲ್ಲದವನ ಕತೆಯನ್ನೇ ಹೇಳಿದರು. ಪಶುವನ್ನು ಸಾಕುವುದು ಒಂದು, ಅದನ್ನು ತನ್ನದೆಂದು ಜನರ ಮುಂದೆ ನಡೆಸಿ ತೋರುವುದು ಮತ್ತೊಂದು. ನೆಲವಿಲ್ಲದವನಿಗೆ ಎರಡನೆಯದು ಇರಲಿಲ್ಲ.

ಇನ್ನೂ ಕಠಿಣವಾದ ಸಂಗತಿಯೊಂದುಂಟು. ಕಂಬಳದ ಮುನ್ನಾದಿನದ ಇರುಳು ಇಬ್ಬನಿಯಲ್ಲಿ ಕುಳಿತು ಡೋಲು ಬಡಿಯುತ್ತಿದ್ದವರು ಕೊರಗರು. ತುಳುವಿನಲ್ಲಿ ಇದಕ್ಕೆ ‘ಪನಿ ಕುಲ್ಲುನಿ’ ಎಂಬ ಹೆಸರೇ ಉಂಟು. ಬೆಳಗಾದ ಮೇಲೆ, ಕೋಣಗಳು ಇಳಿಯುವ ಮೊದಲು, ಅವರನ್ನೇ ಕೋಣಗಳಂತೆ ಗದ್ದೆಯಲ್ಲಿ ಓಡಿಸುವ ಪದ್ಧತಿಯಿತ್ತು. ಕೆಸರಿನಲ್ಲಿ ಮುಳ್ಳೋ ಕಲ್ಲೋ ಇದ್ದರೆ ಅದು ಕೋಣದ ಕಾಲಿಗಲ್ಲ, ಮನುಷ್ಯನ ಕಾಲಿಗೆ ಮೊದಲು ಚುಚ್ಚಲಿ ಎಂಬುದು ಇದರ ತಾತ್ಪರ್ಯ. ಅಜಲು ಎಂಬ ಹೆಸರಿನಲ್ಲಿ ನಡೆಯುತ್ತಿದ್ದ ಇಂತಹ ಅವಮಾನಗಳನ್ನು ಕರ್ನಾಟಕವು 2000ದ ಕಾನೂನಿನಿಂದ ನಿಷೇಧಿಸಿತು. ಕಂಬಳದಲ್ಲಿ ಕೊರಗರನ್ನು ಕೋಣಗಳಂತೆ ಓಡಿಸುವುದನ್ನು ಆ ಕಾನೂನು ಸ್ಪಷ್ಟವಾಗಿಯೇ ಹೆಸರಿಸಿದೆ. ಕೋಣಕ್ಕೆ ಎಣ್ಣೆ ತಿಕ್ಕಿ ಮೆರೆಸಿದ ಸಮಾಜವು ಮನುಷ್ಯನನ್ನು ಅದಕ್ಕಿಂತ ಕೆಳಗಿರಿಸಿತ್ತು ಎಂಬುದನ್ನು ಮರೆತು ಕಂಬಳದ ಇತಿಹಾಸವನ್ನು ಬರೆಯಲಾಗದು.

ಲೆಕ್ಕ ಬದಲಾದದ್ದು 1974ರಲ್ಲಿ. ಆ ವರ್ಷದ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿಭೂಮಿ ಸರಕಾರದ ವಶವಾಯಿತು. ‘ಡಿಕ್ಲರೇಶನ್’ ಕೊಟ್ಟ ಒಕ್ಕಲುಗಳು ಭೂನ್ಯಾಯಮಂಡಳಿಯ ಮುಂದೆ ನಿಂತು ಗದ್ದೆಗಳ ಒಡೆಯರಾದರು. ಕೋಣವನ್ನು ಕಡ್ಡಾಯವಾಗಿ ತರಿಸುವ ಅಧಿಕಾರ ದೊಡ್ಡಮನೆಗೆ ಉಳಿಯಲಿಲ್ಲ. ಸಣ್ಣ ಹಿಡುವಳಿಯ ರೈತನ ಕೋಣವೂ ತನ್ನ ಮನೆಯ ಹೆಸರಿನಲ್ಲಿಯೇ ಓಡತೊಡಗಿತು. ಕೆಲವು ಕಡೆ ಕಂಬಳ ನಿಂತಿತು. ಕೆಲವು ಕಡೆ ಊರವರ ಸಮಿತಿ ಅದನ್ನು ವಹಿಸಿಕೊಂಡಿತು. ಆ ಹೊತ್ತಿಗೆ ತೆಂಕಣ ತುಳುನಾಡಿನಲ್ಲಿ ಎರಡು ಕರೆಗಳ ಜೋಡುಕರೆ ಕಂಬಳ, ಪದಕ, ಚಿನ್ನದ ಬಹುಮಾನಗಳು ಬಂದಿದ್ದವು. ಬಡಗಣದಲ್ಲಿ ದೇವರ ಹರಕೆಯ, ಒಂಟಿಗದ್ದೆಯ ಹಳೆಯ ಕಂಬಳ ಹಲವೆಡೆ ಉಳಿದುಕೊಂಡಿತು.

ಆದರೆ ಮತ್ತೊಂದು ಬದಲಾವಣೆ ಸದ್ದಿಲ್ಲದೆ ನಡೆದುಹೋಯಿತು. ಟಿಲ್ಲರು ಗದ್ದೆಗಿಳಿದು ಕೋಣ ನೊಗದಿಂದ ಹೊರಬಂದಿತು. ಉಳುವ ಕೋಣ ವರ್ಷದಲ್ಲೊಂದು ದಿನ ಓಡುತ್ತಿತ್ತು. ಈಗಿನ ಓಟದ ಕೋಣ ಉಳುವುದೇ ಅಪರೂಪ. ಅನ್ನ ದುಡಿದು ತಿನ್ನುತ್ತಿದ್ದ ಪಶು, ಕೂಡಿಟ್ಟ ಹಣದಿಂದ ಸಾಕುವ ಪಶುವಾಗಿದೆ. ಸಣ್ಣ ರೈತನಿಗೆ ನೆಲ ಸಿಕ್ಕಿ ಕೋಣವನ್ನು ತನ್ನದೆಂದು ತೋರುವ ದಿನ ಬಂದಾಗ, ಅದನ್ನು ಸಾಕುವ ಖರ್ಚು ಅವನ ಕೈಮೀರಿ ಹೋಯಿತು.

ಇದರ ಮೇಲೆ ನ್ಯಾಯಾಲಯದ ಪ್ರಶ್ನೆ. 2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟನ್ನೂ ಗಾಡಿ ಓಟವನ್ನೂ ನಿಷೇಧಿಸಿದ ಮೇಲೆ ಕಂಬಳವೂ ವಿವಾದಕ್ಕೆ ಸಿಲುಕಿತು. 2016ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯ ತಡೆ ನೀಡಿತು. ಕರ್ನಾಟಕದ ತಿದ್ದುಪಡಿ ಕಾನೂನಿಗೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆಯಿತು. 2023ರ ಮೇ 18ರಂದು ಐವರು ನ್ಯಾಯಾಧೀಶರ ಪೀಠ ಅದನ್ನು ಎತ್ತಿಹಿಡಿಯಿತು. ಕಂಬಳ ಉಳಿಯಿತೆಂದು ಊರು ಸಂತೋಷಪಟ್ಟದ್ದು ಸರಿಯೇ. ಆದರೆ ಬೆತ್ತದ ಏಟಿನ ಬಗೆಗೆ ಎದ್ದ ಪ್ರಶ್ನೆ ಪೇಟೆಯವರ ಕುಚೋದ್ಯವಾಗಿರಲಿಲ್ಲ. ಬೆತ್ತವಿಲ್ಲದೆ ಓಡದ ಕೋಣವನ್ನು ಓಡಿಸಬೇಕೆ ಎಂಬುದನ್ನು ಸಾಕಿದವರೇ ಮೊದಲು ಕೇಳಿಕೊಳ್ಳಬೇಕು.

ಪರಂಪರೆ ಎಂಬ ಮಾತನ್ನು ನಾವು ಸುಲಭವಾಗಿ ಆಡುತ್ತೇವೆ. ಕಂಬಳದ ಪರಂಪರೆಯಲ್ಲಿ ಹುರುಳಿ ಬೇಯಿಸಿದ ಕೈಯೂ ಇದೆ, ಇಬ್ಬನಿಯಲ್ಲಿ ಕುಳಿತ ಮೈಯೂ ಇದೆ. ಉಳಿಸಿಕೊಳ್ಳಬೇಕಾದದ್ದು ಮೊದಲನೆಯದು, ಎರಡನೆಯದನ್ನು ಬಿಟ್ಟುದರಿಂದ ಕಂಬಳಕ್ಕೆ ಯಾವ ಕೊರತೆಯೂ ಆಗಲಿಲ್ಲ. ಕೋಣಗಳು ಈಗಲೂ ಓಡುತ್ತವೆ. ಅವು ಓಡಿದ ಗದ್ದೆಯಲ್ಲಿ ಮರುದಿನ ಬೀಜ ಬೀಳುವಂತಾದರೆ, ಆ ಬೆಳೆ ದುಡಿದವನ ಮನೆಗೆ ಸೇರುವಂತಾದರೆ, ಕೋಣದ ಕೀರ್ತಿ ಸಲ್ಲಬೇಕಾದವರಿಗೆ ಸಂದಿತೆಂದು ಹೇಳಬಹುದು.